ಕೋಲಿನ ನೆರಳಿನಲ್ಲಿ ಅಕ್ಷಾಂಶ ಮತ್ತು ರೇಖಾಂಶ

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ, ನಮಸ್ಕಾರ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ 77 ಡಿಗ್ರಿ 35 ನಿಮಿಷ ಪೂರ್ವ ರೇಖಾಂಶದಲ್ಲಿಯೂ ಇದೆ ಎಂದು ನೀವು ಭೂಪಟದಲ್ಲಿ ನೋಡಿದ್ದೀರಿ, ಪರೀಕ್ಷೆಗಾಗಿ ಬಾಯಿಪಾಠವನ್ನೂ ಮಾಡಿರಬಹುದು. ಈ ಅಂಕಿಗಳು ಎಲ್ಲಿಂದ ಬಂದವು, ಯಾರು ಹೇಗೆ ಅಳೆದರು ಎಂಬ ಪ್ರಶ್ನೆ ಮಾತ್ರ ತರಗತಿಯಲ್ಲಿ ಅಪರೂಪಕ್ಕೆ ಏಳುತ್ತದೆ. ಭೂಗೋಳದ ಮೊದಲ ಪಾಠ ಆ ಪ್ರಶ್ನೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಒಂದು ಮೀಟರು ಉದ್ದದ ನೇರವಾದ ಕೋಲು, ಒಂದು ಅಳತೆಪಟ್ಟಿ, ಒಂದು ಗಡಿಯಾರ ಮತ್ತು ಬಿಸಿಲು ಬೀಳುವ ಶಾಲೆಯ ಅಂಗಳ.

ಸಮತಟ್ಟಾದ ನೆಲದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದು ಓರೆಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಸಾಕು. ಹನ್ನೆರಡು ಗಂಟೆಯಿಂದ ಮುಕ್ಕಾಲು ಗಂಟೆಯ ಕಾಲ, ಐದೈದು ನಿಮಿಷಕ್ಕೊಮ್ಮೆ, ನೆರಳಿನ ತುದಿ ಮುಟ್ಟಿದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಬುಡದಿಂದ ಅದರ ಉದ್ದವನ್ನು ಅಳೆದು ಬರೆದುಕೊಳ್ಳಿ. ನೆರಳು ಮೊದಲು ಕುಗ್ಗುತ್ತಾ ಹೋಗಿ, ಒಂದು ಗಳಿಗೆಯಲ್ಲಿ ಅತ್ಯಂತ ಗಿಡ್ಡವಾಗಿ, ಬಳಿಕ ಮತ್ತೆ ಬೆಳೆಯಲು ತೊಡಗುತ್ತದೆ. ಆ ಗಿಡ್ಡ ನೆರಳಿನ ಗಳಿಗೆಯೇ ನಿಮ್ಮ ಊರಿನ ನಿಜವಾದ ನಡುಹಗಲು. ಆಗ ಬಿದ್ದ ನೆರಳಿನ ಗೆರೆಯೇ ಉತ್ತರ ದಕ್ಷಿಣದ ಗೆರೆ. ದಿಕ್ಸೂಚಿಯ ನೆರವಿಲ್ಲದೆ ದಿಕ್ಕು ಸಿಕ್ಕಿತು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ನೋಡಬೇಕಾದದ್ದು ನೆರಳನ್ನು, ಬರಿಗಣ್ಣಿನಿಂದ ಸೂರ್ಯನನ್ನು ಎಂದಿಗೂ ನೋಡಬಾರದು.

ಈಗ ನೆರಳಿನ ಉದ್ದಕ್ಕೆ ಬರೋಣ. ಮಾರ್ಚ್ 21ರ ಸುಮಾರಿಗೆ, ಹಾಗೆಯೇ ಸೆಪ್ಟೆಂಬರ್ 23ರ ಸುಮಾರಿಗೆ, ಸೂರ್ಯನ ಕಿರಣಗಳು ಸಮಭಾಜಕ ವೃತ್ತದ ಮೇಲೆ ಲಂಬವಾಗಿ ಬೀಳುತ್ತವೆ. ಆ ದಿನದ ನಡುಹಗಲಿನಲ್ಲಿ ಒಂದು ಮೀಟರಿನ ಕೋಲಿಗೆ ಬೆಂಗಳೂರಿನಲ್ಲಿ ಸುಮಾರು 23 ಸೆಂಟಿಮೀಟರು, ಬೀದರಿನಲ್ಲಿ 32, ದೆಹಲಿಯಲ್ಲಿ 54, ಶ್ರೀನಗರದಲ್ಲಿ 68 ಸೆಂಟಿಮೀಟರು ನೆರಳು ಬೀಳುತ್ತದೆ. ಸೂರ್ಯ ನಮ್ಮಿಂದ ಬಹಳ ದೂರದಲ್ಲಿರುವುದರಿಂದ ಅದರ ಕಿರಣಗಳು ಈ ಎಲ್ಲ ಊರುಗಳಿಗೂ ಒಂದಕ್ಕೊಂದು ಸಮಾಂತರವಾಗಿಯೇ ಬರುತ್ತವೆ. ನೆಲವೂ ಚಪ್ಪಟೆಯಾಗಿದ್ದರೆ ನೆರಳು ಎಲ್ಲೆಡೆಯೂ ಒಂದೇ ಅಳತೆಯಲ್ಲಿ ಇರಬೇಕಿತ್ತು. ನೆಲ ಬಾಗಿರುವುದರಿಂದಲೇ ಉತ್ತರಕ್ಕೆ ಹೋದಂತೆಲ್ಲ ನೆರಳು ಉದ್ದವಾಗುತ್ತದೆ. ಕೋಲಿನ ಉದ್ದ ಮತ್ತು ನೆರಳಿನ ಉದ್ದವನ್ನು ಅಳತೆಗೆ ತಕ್ಕಂತೆ ಹಾಳೆಯ ಮೇಲೆ ಲಂಬಕೋನ ತ್ರಿಭುಜವಾಗಿ ಬರೆದು, ಕೋಲಿನ ತುದಿಯಲ್ಲಿರುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಬೆಂಗಳೂರಿನ ಮಕ್ಕಳಿಗೆ ಅಲ್ಲಿ ಸಿಗುವುದು 13 ಡಿಗ್ರಿ, ಬೀದರಿನ ಮಕ್ಕಳಿಗೆ ಸುಮಾರು 18 ಡಿಗ್ರಿ. ಭೂಪಟದಲ್ಲಿ ಅಚ್ಚಾಗಿರುವ ಅಕ್ಷಾಂಶ ಇದೇ.

ಬೆಂಗಳೂರೂ ಬೀದರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಎರಡರ ಅಕ್ಷಾಂಶಗಳ ನಡುವೆ ಐದು ಡಿಗ್ರಿಗಳ ಅಂತರವಿದೆ, ಎರಡೂ ಊರುಗಳ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರು. ಹಾಗಾದರೆ ಒಂದು ಡಿಗ್ರಿಗೆ ಸುಮಾರು 110 ಕಿಲೋಮೀಟರು. 360 ಡಿಗ್ರಿಗೆ ಗುಣಿಸಿದರೆ ಭೂಮಿಯ ಸುತ್ತಳತೆಯಾದ 40,000 ಕಿಲೋಮೀಟರಿಗೆ ತೀರ ಸಮೀಪದ ಅಂಕಿಯೇ ಬರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸ್ ಎಂಬ ವಿದ್ವಾಂಸರು ಈಜಿಪ್ಟಿನಲ್ಲಿ ಮಾಡಿದ ಲೆಕ್ಕ ಇದೇ ಬಗೆಯದು. ಇಂದು ಅಸ್ವಾನ್ ಎಂದು ಕರೆಯುವ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವ ದಿನ, ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ಕಿರಣಗಳು ವೃತ್ತದ ಐವತ್ತನೆಯ ಒಂದು ಭಾಗದಷ್ಟು ಓರೆಯಾಗಿ ಬೀಳುವುದನ್ನು ಗಮನಿಸಿ, ಎರಡು ಊರುಗಳ ನಡುವಿನ ದೂರವನ್ನು ಐವತ್ತರಿಂದ ಗುಣಿಸಿ ಅವರು ಇಡೀ ಭೂಮಿಯ ಸುತ್ತಳತೆಯನ್ನು ಅಂದಾಜು ಮಾಡಿದರು. ಈ ಕೆಲಸ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಏಳನೆಯ ತರಗತಿಯ ಗಣಿತ ಬಲ್ಲವರು ಅದನ್ನು ತಮ್ಮ ಅಂಗಳದಲ್ಲಿಯೇ ಮತ್ತೆ ಮಾಡಿ ನೋಡಬಹುದು.

ಇದೇ ಕೋಲನ್ನು ವರ್ಷವಿಡೀ ಗಮನಿಸಿದರೆ ಮತ್ತೊಂದು ಸಂಗತಿ ತಿಳಿಯುತ್ತದೆ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಸೂರ್ಯ ನೆತ್ತಿಯ ಮೇಲೆ ಬರುವ ಸ್ಥಳ ದಿನದಿನಕ್ಕೆ ಸರಿಯುತ್ತಾ, ಜೂನ್ 21ರ ಹೊತ್ತಿಗೆ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ತಲುಪಿ, ಅಲ್ಲಿಂದ ಹಿಂದಿರುಗಿ, ಡಿಸೆಂಬರ್ 22ರ ಹೊತ್ತಿಗೆ ಮಕರ ಸಂಕ್ರಾಂತಿ ವೃತ್ತಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಅದು ಬೆಂಗಳೂರಿನ ಅಕ್ಷಾಂಶವನ್ನು ಎರಡು ಬಾರಿ ದಾಟುತ್ತದೆ: ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಆ ಎರಡು ದಿನ ನಡುಹಗಲಿನಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳುವುದಿಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಬೀದರಿನಲ್ಲಿ ಮೊದಲನೆಯ ಶೂನ್ಯ ನೆರಳಿನ ದಿನ ಬರುವುದು ಮೇ ಎರಡನೆಯ ವಾರದಲ್ಲಿ. ಡಿಸೆಂಬರಿನಲ್ಲಿ ಬೆಂಗಳೂರಿನ ಕೋಲು ಉತ್ತರಕ್ಕೆ 74 ಸೆಂಟಿಮೀಟರಿನಷ್ಟು ನೆರಳು ಚೆಲ್ಲುತ್ತದೆ. ಜೂನ್ 21ರಂದು ಅದೇ ಕೋಲಿನ ನೆರಳು 18 ಸೆಂಟಿಮೀಟರು ಮಾತ್ರ, ಅದೂ ದಕ್ಷಿಣದ ಕಡೆಗೆ! ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿರುವುದರಿಂದ ಅಲ್ಲಿ ಶೂನ್ಯ ನೆರಳಿನ ದಿನ ಎಂಬುದೇ ಇಲ್ಲ. ಉಷ್ಣವಲಯದ ಗಡಿ ಎಲ್ಲಿದೆ, ಏಕೆ ಅಲ್ಲಿಯೇ ಇದೆ ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಇನ್ನು ರೇಖಾಂಶ. ಮಂಗಳೂರು ಬೆಂಗಳೂರಿನ ನೇರ ಪಶ್ಚಿಮಕ್ಕೆ, ಬಹುತೇಕ ಅದೇ ಅಕ್ಷಾಂಶದಲ್ಲಿದೆ. ಆದ್ದರಿಂದ ಶೂನ್ಯ ನೆರಳು ಎರಡೂ ಕಡೆ ಒಂದೇ ದಿನ ಬರುತ್ತದೆ, ಆದರೆ ಒಂದೇ ಗಳಿಗೆಯಲ್ಲಿ ಬರುವುದಿಲ್ಲ. ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ಅದು ಮಧ್ಯಾಹ್ನ 12 ಗಂಟೆ 17 ನಿಮಿಷದ ಸುಮಾರಿಗೆ, ಮಂಗಳೂರಿನಲ್ಲಿ 12 ಗಂಟೆ 28 ನಿಮಿಷದ ಸುಮಾರಿಗೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಎಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹನ್ನೊಂದು ನಿಮಿಷದ ಈ ಅಂತರವನ್ನು ನಾಲ್ಕರಿಂದ ಭಾಗಿಸಿದರೆ ಎರಡೂ ಮುಕ್ಕಾಲು ಡಿಗ್ರಿ. ಎರಡು ಊರುಗಳ ರೇಖಾಂಶಗಳ ಅಂತರ ಅಷ್ಟೇ.

ಎರಡು ಕಡೆಯೂ ನಡುಹಗಲು ಹನ್ನೆರಡು ಗಂಟೆಗೇ ಏಕೆ ಆಗಲಿಲ್ಲ ಎಂದು ನೀವು ಕೇಳಬೇಕು. ನಮ್ಮ ಗಡಿಯಾರ ನಮ್ಮ ಊರಿನ ಸೂರ್ಯನನ್ನು ಅನುಸರಿಸುವುದಿಲ್ಲ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾದುಹೋಗುವ 82 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತದೆ. ಭಾರತ ಪೂರ್ವ ಪಶ್ಚಿಮವಾಗಿ ಸುಮಾರು 29 ಡಿಗ್ರಿ ಹರಡಿಕೊಂಡಿದೆ, ಅರುಣಾಚಲದಲ್ಲಿ ಬೆಳಗಾದ ಸುಮಾರು ಎರಡು ಗಂಟೆಯ ನಂತರ ಗುಜರಾತಿನ ಪಶ್ಚಿಮದ ತುದಿಯಲ್ಲಿ ಬೆಳಗಾಗುತ್ತದೆ. ಹಿಂದೆ ಮದ್ರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಬೇರೆ ಬೇರೆ ಕಾಲಮಾನಗಳಿದ್ದವು. 1906ರ ಜನವರಿ 1ರಿಂದ ಆದರ್ಶ ಕಾಲಮಾನ ಜಾರಿಗೆ ಬಂತು.

ಅಕ್ಷಾಂಶಕ್ಕೂ ರೇಖಾಂಶಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ಸೊನ್ನೆ ಡಿಗ್ರಿ ಅಕ್ಷಾಂಶವನ್ನು ಭೂಮಿಯ ತಿರುಗುವಿಕೆಯೇ ಗೊತ್ತುಮಾಡಿದೆ, ಧ್ರುವಗಳ ನಟ್ಟನಡುವೆ ಸಮಭಾಜಕ ವೃತ್ತ ಇರಲೇಬೇಕು. ಸೊನ್ನೆ ಡಿಗ್ರಿ ರೇಖಾಂಶವನ್ನು ಮನುಷ್ಯರು ಒಪ್ಪಂದದಿಂದ ಆರಿಸಿಕೊಂಡರು. ನಮ್ಮ ಪ್ರಾಚೀನ ಜ್ಯೋತಿರ್ವಿಜ್ಞಾನಿಗಳು ಉಜ್ಜಯಿನಿಯ ಮೂಲಕ ಹಾದುಹೋಗುವ ರೇಖೆಯಿಂದ ಲೆಕ್ಕ ಹಾಕುತ್ತಿದ್ದರು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಗ್ರೀನ್‌ವಿಚ್ ರೇಖೆಯನ್ನು ಆರಿಸಿತು.

ಪ್ರಯೋಗ ಮಾಡಲು ಬಯಸುವ ಶಾಲೆಗಳಿಗೆ ಒಂದು ಸೂಚನೆ. ಆಗಸ್ಟಿನಲ್ಲಿ, ಅದರಲ್ಲಿಯೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಮೋಡ ಬಿಸಿಲನ್ನು ಮರೆಮಾಡುವ ಸಂಭವ ಹೆಚ್ಚು. ಏಪ್ರಿಲಿನಲ್ಲಿ ಆಕಾಶ ತಿಳಿಯಾಗಿದ್ದರೂ ಶಾಲೆಗೆ ರಜೆ. ಹೀಗಾಗಿ ಮಾರ್ಚ್ 21ರ ಆಸುಪಾಸಿನ ದಿನಗಳು ಅನುಕೂಲ. ಒಂದೇ ದಿನ ದೂರದ ಜಿಲ್ಲೆಯ ಇನ್ನೊಂದು ಶಾಲೆಯವರೂ ಅಳೆದು, ನೆರಳಿನ ಉದ್ದವನ್ನೂ ನಡುಹಗಲಿನ ಗಳಿಗೆಯನ್ನೂ ದೂರವಾಣಿಯಲ್ಲಿ ಪರಸ್ಪರ ತಿಳಿಸಿಕೊಂಡರೆ, ಎರಡು ಊರುಗಳ ಅಕ್ಷಾಂಶ ರೇಖಾಂಶಗಳ ಅಂತರವನ್ನು ಮಕ್ಕಳೇ ಕಂಡುಹಿಡಿದು ಭೂಪಟದೊಡನೆ ಹೋಲಿಸಿ ನೋಡಬಹುದು.

ನಮಸ್ಕಾರ.