ಪಿಜಿ ರಿಸ್ಟೋರ್: ಡಂಪ್ ಫೈಲಿಂದ ಬೇಕಾದ್ದನ್ನ ಮಾತ್ರ ವಾಪಸ್ ತರೋದು ಹೇಗೆ?

[ಸ್ಕ್ರೀನ್: ಟರ್ಮಿನಲ್. ಕರ್ಸರ್ ಮಿನುಗ್ತಿದೆ.]

ನಮಸ್ಕಾರ. ಯಾರೋ ಯಾವ ಸಾಲು ಅಂತ ಹೇಳೋ ವೇರ್ ಕಂಡೀಷನ್ ಹಾಕೋದು ಮರೆತು ಡಿಲೀಟ್ ಹೊಡೆದಿದಾರೆ. ಪ್ರೊಡಕ್ಷನ್‌ನಲ್ಲಿ ಬಿಲ್ ಟೇಬಲ್ ಖಾಲಿ. ನಿನ್ನೆ ರಾತ್ರಿಯ ಡಂಪ್ ಫೈಲ್, ಅಂದ್ರೆ ಡೇಟಾಬೇಸ್‌ನ ಬ್ಯಾಕಪ್, ಕೈಯಲ್ಲಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಡಂಪನ್ನ ವಾಪಸ್ ತುಂಬೋ ಕಮಾಂಡ್ ಪಿಜಿ ರಿಸ್ಟೋರ್. ಅದನ್ನ ಹಿಡಿದು ಇಲ್ಲಿಂದ ಮುಂದೆ ಏನು ಮಾಡ್ಬೇಕು, ಅದೇ ಇವತ್ತಿನ ವಿಡಿಯೋ.

ಮೊದಲು ಡಂಪ್ ಯಾವ ಫಾರ್ಮ್ಯಾಟ್‌ನಲ್ಲಿದೆ ನೋಡ್ಕೊಳ್ಳಿ. ಬರೀ ಎಸ್‌ಕ್ಯೂಎಲ್ ಪಠ್ಯ ಆಗಿದ್ರೆ ಪಿಜಿ ರಿಸ್ಟೋರ್ ಅದನ್ನ ಮುಟ್ಟೋದೇ ಇಲ್ಲ, ಪಿಎಸ್‌ಕ್ಯೂಎಲ್ (ಎಸ್‌ಕ್ಯೂಎಲ್ ಓಡಿಸೋ ಕಮಾಂಡ್) ಬಳಸಿ ಅಂತ ಹೇಳಿ ನಿಲ್ಲುತ್ತೆ. ಕಸ್ಟಮ್, ಡೈರೆಕ್ಟರಿ, ಟಾರ್ ಈ ಮೂರರಲ್ಲಿ ಒಂದಾಗಿದ್ರೆ ಮಾತ್ರ ಮುಂದಿನ ಮಾತೆಲ್ಲ. ಟಾರ್ ಯಾಕೆ ಆರಿಸ್ತಾರೋ, ನಂಗಂತೂ ಕಾರಣ ಕಾಣ್ಸಲ್ಲ: ಅದನ್ನ ಹಲವು ಜಾಬ್‌ಗಳಲ್ಲಿ ಒಟ್ಟೊಟ್ಟಿಗೆ ರಿಸ್ಟೋರ್ ಮಾಡೋಕೆ ಆಗಲ್ಲ.

ಈಗ ಎಲ್ಲರೂ ಎಡವೋ ಜಾಗ. ಸ್ಮಾಲ್ ಸಿ ಅಂದ್ರೆ ಕ್ಲೀನ್, ಇರೋದನ್ನ ಮೊದಲು ಡ್ರಾಪ್ ಮಾಡು ಅಂತ. ಕ್ಯಾಪಿಟಲ್ ಸಿ ಅಂದ್ರೆ ಕ್ರಿಯೇಟ್, ಡೇಟಾಬೇಸನ್ನೇ ಸೃಷ್ಟಿಸು ಅಂತ.

[ಸ್ಕ್ರೀನ್: ಎರಡು ಕಮಾಂಡ್ ಒಂದರ ಕೆಳಗೊಂದು. ಸಿ ಅಕ್ಷರಕ್ಕೆ ಕೆಂಪು ವೃತ್ತ.]

ಟ್ರಯಲ್ ಅನ್ನೋ ಡೇಟಾಬೇಸ್‌ಗೆ ಹಾಕೋಣ ಅಂತ ಡ್ಯಾಶ್ ಡಿ ಟ್ರಯಲ್ ಅಂತ ಕೊಟ್ರಿ, ಜೊತೆಗೆ ಕ್ಯಾಪಿಟಲ್ ಸಿ ಹಾಕಿದ್ರಿ. ಡೇಟಾ ಟ್ರಯಲ್‌ಗೆ ಹೋಗಲ್ಲ. ಕ್ಯಾಪಿಟಲ್ ಸಿ ಇದ್ದಾಗ ಡ್ಯಾಶ್ ಡಿ ಹೆಸರು ಮೊದಲ ಕನೆಕ್ಷನ್‌ಗೆ ಮಾತ್ರ. ಡಂಪ್ ತೆಗೆದ ಡೇಟಾಬೇಸ್‌ನ ಮೂಲ ಹೆಸರಲ್ಲೇ ಹೊಸದು ಸೃಷ್ಟಿಸೋಕೆ ಹೊರಡುತ್ತೆ. ಅದೇ ಸರ್ವರ್‌ನಲ್ಲಿ ಪ್ರೊಡಕ್ಷನ್ ಆ ಹೆಸರಲ್ಲಿ ಇದೆ ಅನ್ಕೊಳ್ಳಿ. "ಈಗಾಗಲೇ ಇದೆ" ಅಂತ ಎರರ್ ಬರುತ್ತೆ, ಆದ್ರೆ ಪಿಜಿ ರಿಸ್ಟೋರ್ ಎರರ್ ಬಂದ್ರೂ ನಿಲ್ಲಲ್ಲ. ಸೀದಾ ಪ್ರೊಡಕ್ಷನ್ ಒಳಗೆ ಹೋಗಿ ಹಳೇ ಡೇಟಾ ಸುರಿಯೋಕೆ ಶುರು ಮಾಡುತ್ತೆ. ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಯಾದ ಗುರುತು) ಇರೋ ಟೇಬಲ್‌ಗಳು ಡೂಪ್ಲಿಕೇಟ್ ಕಂಡು ತಿರಸ್ಕರಿಸುತ್ವೆ. ಕೀ ಇಲ್ಲದ ಟೇಬಲ್‌ಗಳಲ್ಲಿ ಸಾಲುಗಳು ಸದ್ದಿಲ್ಲದೆ ಎರಡೆರಡಾಗುತ್ವೆ. ಎರಡೂ ಸಿ ಒಟ್ಟಿಗೆ ಕೊಟ್ರೋ, ಡೇಟಾಬೇಸನ್ನೇ ಡ್ರಾಪ್ ಮಾಡಿ ಮತ್ತೆ ಕಟ್ಟುತ್ತೆ.

ಸ್ಮಾಲ್ ಸಿ ಒಂದೇ ಇದ್ರೆ ಡಂಪ್‌ನಲ್ಲಿರೋ ಟೇಬಲ್‌ಗಳನ್ನ ಡ್ರಾಪ್ ಮಾಡಿ ಮತ್ತೆ ಹಾಕುತ್ತೆ. ಡಂಪ್ ಆದ್ಮೇಲೆ ಹುಟ್ಟಿದ ಟೇಬಲ್‌ಗಳು ಹಾಗೇ ಉಳಿಯುತ್ವೆ. ಅವುಗಳ ಫಾರಿನ್ ಕೀ, ಅಂದ್ರೆ ಬೇರೆ ಟೇಬಲ್‌ನ ಸಾಲನ್ನ ತೋರಿಸೋ ಕೊಂಡಿ, ಹಳೇ ಟೇಬಲ್‌ಗೆ ಅಂಟಿಕೊಂಡಿದ್ರೆ ಡ್ರಾಪ್ ಆಗೋದೇ ಇಲ್ಲ.

ಅದಕ್ಕೆ ನಮ್ಮ ದಾರಿ: ಟೆಂಪ್ಲೇಟ್ ಸೊನ್ನೆ ಅನ್ನೋ ಖಾಲಿ ಮಾದರಿ ಡೇಟಾಬೇಸ್‌ನಿಂದ ಟ್ರಯಲ್ ಡೇಟಾಬೇಸ್ ಒಂದನ್ನ ನಾವೇ ಕ್ರಿಯೇಟ್ ಮಾಡಿ, ಎರಡೂ ಸಿ ಇಲ್ಲದೆ ಅದರೊಳಗೆ ರಿಸ್ಟೋರ್ ಮಾಡೋದು. ಡ್ಯಾಶ್ ಕ್ಯಾಪಿಟಲ್ ಓ ಹಾಕಿದ್ರೆ ಮಾಲೀಕರ ಹೆಸರು, ಡ್ಯಾಶ್ ಎಕ್ಸ್ ಹಾಕಿದ್ರೆ ಗ್ರ್ಯಾಂಟ್‌ಗಳು (ಯಾರಿಗೆ ಏನು ಅನುಮತಿ ಅನ್ನೋದು) ಬಿಟ್ಟುಹೋಗುತ್ವೆ. ಹೊಸ ಸರ್ವರ್‌ನಲ್ಲಿ "ರೋಲ್ ಇಲ್ಲ" ಅನ್ನೋ ಎರರ್‌ಗಳ ಮಳೆ ತಪ್ಪುತ್ತೆ. ಯಾಕಂದ್ರೆ ರೋಲ್‌ಗಳು, ಅಂದ್ರೆ ಡೇಟಾಬೇಸ್ ಬಳಕೆದಾರರು, ಈ ಡಂಪ್‌ನಲ್ಲಿ ಇರೋದೇ ಇಲ್ಲ, ಅವನ್ನ ಪಿಜಿ ಡಂಪ್ ಆಲ್‌ನಿಂದ ಬೇರೆ ತೆಗೆದಿಡಬೇಕು.

ವೇಗಕ್ಕೆ ಡ್ಯಾಶ್ ಜೆ, ಎಷ್ಟು ಜಾಬ್ ಅನ್ನೋ ಸಂಖ್ಯೆ. ಸಿಪಿಯು ಕೋರ್‌ಗಳಷ್ಟರಿಂದ ಶುರು ಮಾಡಿ. ಒಂದೇ ದೊಡ್ಡ ಟೇಬಲ್ ಇದ್ರೆ ಅದರ ಡೇಟಾ ಒಂದೇ ಜಾಬ್‌ನಲ್ಲಿ ತುಂಬೋದು, ಅಲ್ಲಿ ಜೆ ಎಂಟಾದ್ರೂ ಪ್ರಯೋಜನ ಇಲ್ಲ. ಇಂಡೆಕ್ಸ್ ಕಟ್ಟೋವಾಗ ಮಾತ್ರ ಲಾಭ ಸಿಗುತ್ತೆ. ಆಗ ಮೇಂಟೆನೆನ್ಸ್ ವರ್ಕ್ ಮೆಮ್ ಅನ್ನೋ ಮೆಮೊರಿ ಮಿತಿಯನ್ನ ಡಿಫಾಲ್ಟ್ 64 ಎಂಬಿಯಿಂದ ಮೇಲೆ ಏರಿಸಿ. ಆದ್ರೆ ಪ್ರತಿ ಜಾಬ್ ಕೂಡ ಅಷ್ಟಷ್ಟು ತಿನ್ನುತ್ತೆ, ರ‍್ಯಾಮ್ ಲೆಕ್ಕ ಹಾಕಿ. ಎಲ್ಲ ಆಗ್ಬೇಕು ಇಲ್ಲಾಂದ್ರೆ ಏನೂ ಆಗ್ಬಾರ್ದು ಅಂದ್ರೆ ಡ್ಯಾಶ್ ಒಂದು, ಅಂದ್ರೆ ಸಿಂಗಲ್ ಟ್ರಾನ್ಸಾಕ್ಷನ್. ಅದೂ ಜೆಯೂ ಒಟ್ಟಿಗೆ ನಡೆಯಲ್ಲ.

ಟ್ರಯಲ್ ಬೇಡ, ಒಂದೇ ಟೇಬಲ್ ಸಾಕು ಅಂತ ಡ್ಯಾಶ್ ಟಿ ಬಿಲ್ ಅಂತ ಹೊಡೀಬಹುದಲ್ಲ? ಹೊಡೀಬಹುದು, ಆದ್ರೆ ಟೇಬಲ್ಲೂ ಡೇಟಾನೂ ಮಾತ್ರ ಬರುತ್ತೆ. ಇಂಡೆಕ್ಸ್ ಬರಲ್ಲ, ಪ್ರೈಮರಿ ಕೀ ಬರಲ್ಲ. ಐಡಿ ಕಾಲಂ ಸೀರಿಯಲ್ (ತಾನಾಗೇ ನಂಬರ್ ತುಂಬೋದು) ಆಗಿದ್ರೆ ಅದರ ಡಿಫಾಲ್ಟೂ ಬರಲ್ಲ. ಮುಂದಿನ ಇನ್ಸರ್ಟ್‌ಗೆ "ಐಡಿ ನಲ್ ಆಗೋ ಹಾಗಿಲ್ಲ" ಅಂತ ಉತ್ತರ ಸಿಗುತ್ತೆ.

ಪೂರ್ತಿ ಬೇಕಂದ್ರೆ ಡ್ಯಾಶ್ ಸ್ಮಾಲ್ ಎಲ್ ಕೊಟ್ಟು ಪಟ್ಟಿಯನ್ನ ಒಂದು ಫೈಲ್‌ಗೆ ಇಳಿಸಿ.

[ಸ್ಕ್ರೀನ್: ಪಟ್ಟಿಯ ಒಂದು ಸಾಲು ದೊಡ್ಡದಾಗಿ: 215; 1259 16402 ಟೇಬಲ್ ಪಬ್ಲಿಕ್ ಬಿಲ್ ಅಡ್ಮಿನ್]

215 ಅನ್ನೋದು ಡಂಪ್ ಒಳಗಿನ ನಂಬರ್. 1259 ಅಂದ್ರೆ ಪಿಜಿ ಕ್ಲಾಸ್ ಅನ್ನೋ ಕ್ಯಾಟಲಾಗ್ (ಟೇಬಲ್‌ಗಳ ವಿವರ ಇಡೋ ಒಳಗಿನ ಟೇಬಲ್), 16402 ಬಿಲ್ ಟೇಬಲ್‌ನ ಓಐಡಿ, ಅಂದ್ರೆ ಪೋಸ್ಟ್‌ಗ್ರೆಸ್ ಕೊಟ್ಟ ಒಳ ನಂಬರ್. ಆಮೇಲೆ ವಿಧ, ಸ್ಕೀಮಾ, ಹೆಸರು, ಮಾಲೀಕ. ಸಾಲಿನ ಶುರುವಲ್ಲೇ ಸೆಮಿಕೋಲನ್ ಹಾಕಿದ್ರೆ ಆ ಸಾಲು ಲೆಕ್ಕಕ್ಕಿಲ್ಲ. ಬಿಲ್‌ಗೆ ಸೇರಿದ ಟೇಬಲ್, ಟೇಬಲ್ ಡೇಟಾ, ಸೀಕ್ವೆನ್ಸ್ (ಐಡಿ ನಂಬರ್ ಕೊಡೋ ಕೌಂಟರ್), ಸೀಕ್ವೆನ್ಸ್ ಸೆಟ್ (ಆ ಕೌಂಟರ್ ಎಲ್ಲಿಗೆ ಬಂದಿತ್ತು ಅನ್ನೋದು), ಡಿಫಾಲ್ಟ್, ಕನ್‌ಸ್ಟ್ರೇಂಟ್, ಇಂಡೆಕ್ಸ್ ಸಾಲುಗಳನ್ನ ಉಳಿಸಿ, ಮಿಕ್ಕಿದ್ದನ್ನ ಅಳಿಸಿ. ಆ ಫೈಲನ್ನ ಡ್ಯಾಶ್ ಕ್ಯಾಪಿಟಲ್ ಎಲ್‌ಗೆ ಕೊಡಿ. ಸಾಲುಗಳನ್ನ ಹಿಂದೆಮುಂದೆ ಮಾಡ್ಬೇಡಿ, ಫೈಲ್‌ನಲ್ಲಿರೋ ಕ್ರಮದಲ್ಲೇ ರಿಸ್ಟೋರ್ ನಡೆಯುತ್ತೆ. ಸೀಕ್ವೆನ್ಸ್ ಸೆಟ್ ಸಾಲನ್ನ ಮರೆತ್ರೆ ಐಡಿ ಮತ್ತೆ ಒಂದರಿಂದ ಶುರುವಾಗಿ ಡೂಪ್ಲಿಕೇಟ್ ಕೀ ಎರರ್ ಬರುತ್ತೆ.

ನಮ್ಮ ಕೇಸ್‌ನಲ್ಲಿ ಟೇಬಲ್ ಇದೆ, ಸಾಲುಗಳು ಮಾತ್ರ ಹೋಗಿವೆ. ಡ್ಯಾಶ್ ಎ, ಅಂದ್ರೆ ಡೇಟಾ ಓನ್ಲಿ, ಜೊತೆಗೆ ಡ್ಯಾಶ್ ಟಿ ಸಾಕು ಅನ್ಸುತ್ತೆ. ಡಿಲೀಟ್ ಆದ್ಮೇಲೆ ಬೇರೇನೂ ಸೇರಿಲ್ಲದಿದ್ರೆ ಸಾಕು. ಆದ್ರೆ ಆಮೇಲೆ ಯಾರೋ ಒಂದು ಬಿಲ್ ಹಳೇ ನಂಬರ್‌ನಲ್ಲಿ ಮತ್ತೆ ಹಾಕಿದ್ರೆ ಆ ಒಂದು ಸಾಲಿಂದ ಇಡೀ ಟೇಬಲ್‌ನ ಕಾಪಿ (ಡೇಟಾ ತುಂಬೋ ಕಮಾಂಡ್) ರದ್ದಾಗುತ್ತೆ, ಕಾಪಿ ಒಂದೇ ಸ್ಟೇಟ್‌ಮೆಂಟ್ ಅಲ್ವಾ. ಟ್ರಿಗರ್ (ತಾನಾಗೇ ಓಡೋ ಪರೀಕ್ಷೆ) ಡಿಸೇಬಲ್ ಮಾಡಿ ಫಾರಿನ್ ಕೀ ಎರರ್ ದಾಟಬಹುದು, ಸೂಪರ್‌ಯೂಸರ್ ಆಗಿದ್ರೆ. ಆದ್ರೆ ದಾಟಿದ್ದನ್ನ ಆಮೇಲೆ ಯಾರೂ ಪರೀಕ್ಷಿಸಲ್ಲ, ಗ್ರಾಹಕರೇ ಇಲ್ಲದ ಬಿಲ್‌ಗಳು ಒಳಗೆ ಕೂತುಬಿಡ್ತವೆ. ಅದಕ್ಕೇ ಟ್ರಯಲ್‌ನಲ್ಲಿ ಇಟ್ಟು, ಎಣಿಸಿ, ಬೇಕಾದ ಸಾಲುಗಳನ್ನಷ್ಟೇ ಪ್ರೊಡಕ್ಷನ್‌ಗೆ ಸಾಗಿಸೋದು ನಂಗಿಷ್ಟ.

ಕೊನೇಲಿ ಔಟ್‌ಪುಟ್‌ನ ಕೊನೇ ಸಾಲು ಓದಿ. ಎರರ್ ಬಂದಿದ್ರೆ, ಎಷ್ಟನ್ನ ಕಡೆಗಣಿಸಿದೆ ಅಂತ ಅಲ್ಲಿರುತ್ತೆ. ಆಮೇಲೆ ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸೋ ಅನಲೈಜ್ ಓಡಿಸಿ. ಇಲ್ಲಾಂದ್ರೆ ಕ್ವೆರಿ ಓಡಿಸೋ ದಾರಿ ಆರಿಸೋ ಪ್ಲಾನರ್‌ಗೆ ಟೇಬಲ್‌ನಲ್ಲಿ ಡೇಟಾ ಹೇಗೆ ಹರಡಿದೆ ಅಂತ ಸರಿಯಾಗಿ ಗೊತ್ತಿರಲ್ಲ, "ರಿಸ್ಟೋರ್ ಆಯ್ತು, ಆದ್ರೆ ಸ್ಲೋ" ಅಂತ ಫೋನ್ ಬರೋಕೆ ಶುರುವಾಗುತ್ತೆ.