ರದ್ದಾದ ಮೇಲೆ ಹಾರಿದ ರಾಕೆಟ್

ಕೇಳುಗರೇ, ನಮಸ್ಕಾರ.

1971ರ ಅಕ್ಟೋಬರ್ 28. ಬ್ರಿಟನ್ನಿನ ರಾಜಕೀಯ ಚರಿತ್ರೆಯಲ್ಲಿ ಈ ದಿನಕ್ಕೆ ದೊಡ್ಡ ಜಾಗವಿದೆ. ಯುರೋಪಿನ ಸಾಮಾನ್ಯ ಮಾರುಕಟ್ಟೆಗೆ ಸೇರಬೇಕೆಂಬ ಪ್ರಧಾನಿ ಎಡ್ವರ್ಡ್ ಹೀತ್ ಅವರ ನಿಲುವಿಗೆ ಅಂದು ರಾತ್ರಿ ಕಾಮನ್ಸ್ ಸಭೆ ಒಪ್ಪಿಗೆ ಕೊಟ್ಟಿತು. ಪರವಾಗಿ 356 ಮತ, ವಿರುದ್ಧ 244. ಅದೇ ದಿನ, ಗ್ರೀನಿಚ್ ಕಾಲಮಾನ 4 ಗಂಟೆ 9 ನಿಮಿಷಕ್ಕೆ, ಆಸ್ಟ್ರೇಲಿಯಾದ ವೂಮೆರಾ ಮರುಭೂಮಿಯಿಂದ ಒಂದು ಸಣ್ಣ ರಾಕೆಟ್ ಮೇಲೆದ್ದಿತು. ಹೆಸರು ಬ್ಲ್ಯಾಕ್ ಆರೋ. ತುದಿಯಲ್ಲಿ 66 ಕಿಲೋ ತೂಕದ ಉಪಗ್ರಹ, ಪ್ರಾಸ್ಪೆರೋ. ಬ್ರಿಟನ್ ತನ್ನದೇ ರಾಕೆಟ್ಟಿನಲ್ಲಿ ತನ್ನದೇ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದು ಅದೇ ಮೊದಲು. ಇವತ್ತಿನವರೆಗೆ ಅದೇ ಕೊನೆ ಕೂಡ.

ಆ ರಾಕೆಟ್ ಯೋಜನೆಯನ್ನು ಸರ್ಕಾರ ಮೂರು ತಿಂಗಳ ಹಿಂದೆಯೇ, ಜುಲೈ 29ರಂದು, ರದ್ದು ಮಾಡಿಯಾಗಿತ್ತು. ಪಾರ್ಲಿಮೆಂಟಿನಲ್ಲಿ ಅದನ್ನು ಪ್ರಕಟಿಸಿದವರು ವಿಮಾನ ಮತ್ತು ಅಂತರಿಕ್ಷ ಉದ್ಯಮದ ಮಂತ್ರಿ ಫ್ರೆಡರಿಕ್ ಕಾರ್‌ಫೀಲ್ಡ್. ಕೊನೆಯ ಹಾರಾಟದ ಸಿದ್ಧತೆ ಆಗಲೇ ಬಹಳ ದೂರ ಸಾಗಿದ್ದರಿಂದ ಅದೊಂದನ್ನು ಹಾರಿಸಿಬಿಡಲು ಅನುಮತಿ ಸಿಕ್ಕಿತು. ಕೆಲಸ ಕಳೆದುಕೊಳ್ಳುವುದು ಖಚಿತವೆಂದು ಗೊತ್ತಿದ್ದ ಎಂಜಿನಿಯರುಗಳು ಒಂದೊಂದು ಕವಾಟ, ಒಂದೊಂದು ತಂತಿ ಪರೀಕ್ಷಿಸಿ ಅದನ್ನು ಹಾರಿಸಿದರು. ಅದು ಕಕ್ಷೆ ಸೇರಿತು. ಸ್ವಂತ ರಾಕೆಟ್ಟಿನ ಶಕ್ತಿಯನ್ನು ಗಳಿಸಿ, ಆಮೇಲೆ ತಾನಾಗಿಯೇ ಕೈಬಿಟ್ಟ ದೇಶ ಜಗತ್ತಿನಲ್ಲಿ ಇದೊಂದೇ.

ಹೀಗೇಕಾಯಿತು ಎಂಬುದು ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರು ಕೇಳಲೇಬೇಕಾದ ಪ್ರಶ್ನೆ. ಏಕೆಂದರೆ ಬಾಹ್ಯಾಕಾಶದ ಕನಸು ಕಾಣುವುದರಲ್ಲಿ ಈ ದೇಶ ಯಾರಿಗೂ ಹಿಂದೆ ಬಿದ್ದಿರಲಿಲ್ಲ. 1933ರಲ್ಲೇ ಲಿವರ್‌ಪೂಲಿನಲ್ಲಿ ಫಿಲಿಪ್ ಕ್ಲೀಟರ್ ಎಂಬವರು ಬ್ರಿಟಿಷ್ ಅಂತರ್ಗ್ರಹ ಸಂಘವನ್ನು ಕಟ್ಟಿದರು. ಆದರೆ 1875ರ ಸ್ಫೋಟಕ ಕಾಯ್ದೆ ಹವ್ಯಾಸಿಗಳು ರಾಕೆಟ್ ಮಾಡಿ ಹಾರಿಸುವುದಕ್ಕೆ ಅಡ್ಡ ನಿಂತಿತು. ಜರ್ಮನಿಯ, ಅಮೆರಿಕದ ಉತ್ಸಾಹಿಗಳು ಬಯಲಲ್ಲಿ ರಾಕೆಟ್ ಸುಡುತ್ತಿದ್ದಾಗ ಇವರ ಪಾಲಿಗೆ ಉಳಿದದ್ದು ಕಾಗದ ಮತ್ತು ಲೆಕ್ಕ. ಆ ಕಾಗದದ ಮೇಲೆಯೇ ಅವರು 1930ರ ದಶಕದ ಕೊನೆಗೆ ಚಂದ್ರನಿಗೆ ಹೋಗಿ ಬರುವ ನೌಕೆಯೊಂದನ್ನು ರಚಿಸಿದರು. ಸಾವಿರಾರು ಘನ ಇಂಧನದ ಕೊಳವೆಗಳು, ಉರಿದಂತೆ ಒಂದೊಂದಾಗಿ ಕಳಚಿ ಬೀಳುವ ಏರ್ಪಾಡು. ಸ್ಥಿರತೆಗಾಗಿ ನೌಕೆ ತಿರುಗುತ್ತಲೇ ಸಾಗಬೇಕಲ್ಲ, ಹಾಗೆ ತಿರುಗುವ ನೌಕೆಯ ಒಳಗಿಂದ ನಕ್ಷತ್ರಗಳು ನಿಂತಂತೆ ಕಾಣುವುದು ಹೇಗೆ? ಅದಕ್ಕೆಂದು ಕನ್ನಡಿಗಳ ಒಂದು ಉಪಕರಣವನ್ನು ನಿಜವಾಗಿಯೂ ಮಾಡಿ ತೋರಿಸಿದರು. ಕಥೆ ಬರೆಯುವವರೂ ಎಂಜಿನಿಯರುಗಳೂ ಒಂದೇ ಮೇಜಿನ ಸುತ್ತ ಕೂರುತ್ತಿದ್ದ ಸಂಘ ಅದು. ಅಲ್ಲಿದ್ದ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ನಿಲ್ದಾಣಗಳಿದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ಪ್ರಸಾರ ಮಾಡಬಹುದು ಎಂದು ಅದರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ವೈಜ್ಞಾನಿಕ ಕಥೆಯನ್ನು ಮಕ್ಕಳ ಓದು ಎಂದು ಬದಿಗಿಡುವವರು ಆ ಲೇಖನವನ್ನೊಮ್ಮೆ ನೋಡಬೇಕು. ಕಲ್ಪನೆಯ ಬೆನ್ನಿಗೆ ಗಣಿತ ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದು ಗೊತ್ತಾಗುತ್ತದೆ.

ಈಗ ರಾಕೆಟ್ಟಿಗೇ ಬರೋಣ. ಬ್ಲ್ಯಾಕ್ ಆರೋ 13 ಮೀಟರ್ ಎತ್ತರ, 2 ಮೀಟರ್ ದಪ್ಪ, ಇಂಧನ ತುಂಬಿದಾಗ ಸುಮಾರು 18 ಟನ್. ಕಟ್ಟಿದ್ದು ಇಂಗ್ಲೆಂಡಿನ ದಕ್ಷಿಣ ಕಡಲಿನ ಐಲ್ ಆಫ್ ವೈಟ್ ದ್ವೀಪದ ಈಸ್ಟ್ ಕೌಸ್ ಊರಿನಲ್ಲಿ. ಉರಿಸಿ ಪರೀಕ್ಷಿಸಿದ್ದು ಅದೇ ದ್ವೀಪದ ಪಶ್ಚಿಮ ತುದಿಯ ಹೈ ಡೌನ್ ಎಂಬ ಸುಣ್ಣಕಲ್ಲಿನ ಬಂಡೆಯ ನೆತ್ತಿಯ ಮೇಲೆ. ಆ ಪರೀಕ್ಷಾ ಕಟ್ಟೆಗಳ ಕಾಂಕ್ರೀಟು ಈಗಲೂ ಅಲ್ಲಿದೆ, ಯಾರು ಬೇಕಾದರೂ ನಡೆದು ಹೋಗಿ ನೋಡಬಹುದು.

ಈ ರಾಕೆಟ್ಟಿನ ವಿಶೇಷವೆಲ್ಲ ಅದರ ಇಂಧನದಲ್ಲಿದೆ. ಮೊದಲ ಎರಡು ಹಂತಗಳಲ್ಲಿ ಇದ್ದದ್ದು ಸೀಮೆಎಣ್ಣೆ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುತ್ತದಲ್ಲ, ನೊರೆ ಬರುವ ದ್ರವ, ಅದೇ. ಅಂಗಡಿಯದರಲ್ಲಿ ಪೆರಾಕ್ಸೈಡ್ ನೂರಕ್ಕೆ ಮೂರೋ ಆರೋ ಪಾಲು. ಇಲ್ಲಿ ನೂರಕ್ಕೆ 85. ಇದನ್ನು ಬೆಳ್ಳಿ ಲೇಪಿಸಿದ ನಿಕ್ಕಲ್ ಜಾಲರಿಯ ಪದರಗಳ ಮೂಲಕ ಹಾಯಿಸಿದರೆ ಕ್ಷಣಮಾತ್ರದಲ್ಲಿ ಒಡೆದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಬೆ ಮತ್ತು ಆಮ್ಲಜನಕ ಆಗುತ್ತದೆ. ಆ ಬಿಸಿಗೆ ಸೀಮೆಎಣ್ಣೆ ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಿಡಿ ಹಚ್ಚುವ ಉಪಕರಣವೇ ಬೇಡ. 1 ಕಿಲೋ ಸೀಮೆಎಣ್ಣೆಗೆ ಸುಮಾರು 8 ಕಿಲೋ ಪೆರಾಕ್ಸೈಡ್. ಹೊರಬರುವುದು ಬಹುಪಾಲು ಹಬೆಯಾದ್ದರಿಂದ ಈ ಎಂಜಿನ್ನಿನ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ. ಹಾರಾಟದ ಚಿತ್ರಗಳಲ್ಲಿ ಹೊಗೆಯ ಮೋಡ ಕಾಣುವುದಿಲ್ಲ.

ದ್ರವ ಆಮ್ಲಜನಕದ ಹಾಗೆ ಇದನ್ನು ಮೈನಸ್ 183 ಡಿಗ್ರಿಯಲ್ಲಿ ಇಡಬೇಕಿಲ್ಲ, ಸಾಮಾನ್ಯ ಉಷ್ಣತೆಯಲ್ಲೇ ಇರುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ತೂಕ ಹಿಡಿಸುವ ಸಾಂದ್ರ ದ್ರವವಾದ್ದರಿಂದ ಟ್ಯಾಂಕ್ ಚಿಕ್ಕದಾಗುತ್ತದೆ. ಇವು ಲಾಭ. ನಷ್ಟವೆಂದರೆ, ಕಿಲೋಗೆ ಕಿಲೋ ಹೋಲಿಸಿದಾಗ ನೂಕುಬಲ ದ್ರವ ಆಮ್ಲಜನಕದ ರಾಕೆಟ್ಟಿಗಿಂತ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಶುಚಿತ್ವದ್ದು. ಕೊಳವೆಯ ಒಳಗೆ ತುಕ್ಕಿನ ಕಣವೋ, ಎಣ್ಣೆ ಜಿಡ್ಡೋ, ತಾಮ್ರದ ಚೂರೋ ಇದ್ದರೆ ಅದೇ ಬೆಳ್ಳಿಯ ಕೆಲಸ ಮಾಡಿಬಿಡುತ್ತದೆ. ಪೆರಾಕ್ಸೈಡ್ ಟ್ಯಾಂಕಿನಲ್ಲೇ ಒಡೆಯಲು ತೊಡಗಿ, ಬಿಸಿಯೇರಿ, ಬಿಸಿಗೆ ಇನ್ನಷ್ಟು ಒಡೆದು ಒತ್ತಡ ಏರುತ್ತಲೇ ಹೋಗುತ್ತದೆ. 1955ರಲ್ಲಿ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ಬ್ರಿಟಿಷ್ ಜಲಾಂತರ್ಗಾಮಿ ಸಿಡನ್ನಿನ ಒಳಗೆ ಇದೇ ದ್ರವದ ಟಾರ್ಪಿಡೋ ಸಿಡಿದು 13 ಜನ ಸತ್ತರು. ನೌಕಾಪಡೆ ಇದನ್ನು ಕೈಬಿಟ್ಟಿತು. ರಾಕೆಟ್ ತಂಡ ಮಾತ್ರ ಶುದ್ಧ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್, ಧಾರಾಳ ನೀರು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಕಟ್ಟುನಿಟ್ಟಿನ ಶಿಸ್ತಿನಿಂದ ಇದನ್ನು ಪಳಗಿಸಿತು. ಅವರ ಹಿಂದಿನ ರಾಕೆಟ್ ಬ್ಲ್ಯಾಕ್ ನೈಟ್ 1958ರಿಂದ 1965ರವರೆಗೆ 22 ಬಾರಿ ಹಾರಿತ್ತು. ಆ ಅನುಭವವೇ ಅವರ ನಿಜವಾದ ಆಸ್ತಿ.

ಹಾಗೆಂದು ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮೊದಲ ಹಂತದಲ್ಲಿ ಎಂಟು ದಹನಕೋಶಗಳು ನಾಲ್ಕು ಜೋಡಿಗಳಾಗಿ ಇದ್ದವು. ಪ್ರತಿ ಜೋಡಿಯೂ ಒಂದೊಂದು ದಿಕ್ಕಿನಲ್ಲಿ ಓಲಾಡಿ ರಾಕೆಟ್ಟಿಗೆ ದಾರಿ ಹಿಡಿಸಬೇಕು. 1969ರ ಜೂನಿನ ಮೊದಲ ಹಾರಾಟದಲ್ಲಿ ವಿದ್ಯುತ್ ಸಂಪರ್ಕದ ದೋಷದಿಂದ ಒಂದು ಜೋಡಿ ಹತೋಟಿ ತಪ್ಪಿ ಅತ್ತಿತ್ತ ಹೊಯ್ದಾಡಿತು. ಸುಮಾರು ಒಂದು ನಿಮಿಷದ ನಂತರ ನೆಲದಿಂದಲೇ ಅದನ್ನು ಸಿಡಿಸಬೇಕಾಯಿತು. 1970ರ ಮಾರ್ಚಿನ ಎರಡನೆಯ ಪರೀಕ್ಷೆ ಗೆದ್ದಿತು. ಸೆಪ್ಟೆಂಬರಿನ ಮೂರನೆಯದರಲ್ಲಿ ಎರಡನೇ ಹಂತದ ಟ್ಯಾಂಕಿಗೆ ಒತ್ತಡ ಕೊಡುವ ವ್ಯವಸ್ಥೆ ಸೋರಿ ಎಂಜಿನ್ ಮುಂಚೆಯೇ ನಿಂತಿತು, ಉಪಗ್ರಹ ಕಕ್ಷೆ ಮುಟ್ಟಲಿಲ್ಲ. ನಾಲ್ಕನೆಯದು ಪ್ರಾಸ್ಪೆರೋ. ಅದರಲ್ಲೂ ಒಂದು ಆತಂಕವಿತ್ತು. ಉಪಗ್ರಹ ಬೇರ್ಪಟ್ಟ ಮೇಲೂ ವ್ಯಾಕ್ಸ್‌ವಿಂಗ್ ಎಂಬ ಮೂರನೇ ಹಂತ ಉಳಿದ ನೂಕಿನಿಂದ ಮುಂದೆ ಸಾಗಿ ಅದಕ್ಕೇ ತಾಗಿತು. ನಾಲ್ಕು ಆಂಟೆನಾಗಳಲ್ಲಿ ಒಂದಕ್ಕೆ ಏಟು ಬಿತ್ತು. ಆದರೂ ಉಪಗ್ರಹ ಮಾತಾಡಿತು. ಅದರ ಟೇಪ್ ರೆಕಾರ್ಡರ್ 1973ರವರೆಗೆ ಓಡಿತು, ರೇಡಿಯೋ ದನಿ 2004ರಲ್ಲೂ ಕೇಳಿಸಿತ್ತು.

ಎರಡು ಸೋಲು, ಎರಡು ಗೆಲುವು. ಹೊಸ ರಾಕೆಟ್ಟಿನ ಮೊದಲ ನಾಲ್ಕು ಹಾರಾಟಕ್ಕೆ ಇದು ಒಳ್ಳೆಯ ಫಲಿತಾಂಶವೇ. ಹಾಗಾದರೆ ಸರ್ಕಾರ ಹಿಂದೆ ಸರಿದದ್ದೇಕೆ? ಮಂತ್ರಿಗಳ ಲೆಕ್ಕ ಸರಳವಾಗಿತ್ತು. ಅಮೆರಿಕದ ಸ್ಕೌಟ್ ರಾಕೆಟ್ಟಿನಲ್ಲಿ ಜಾಗ ಕೊಂಡರೆ ಅಗ್ಗ. ಆ ವರ್ಷದ ಮಟ್ಟಿಗೆ ಆ ಲೆಕ್ಕ ಸರಿಯೇ, ಅದನ್ನು ಒಪ್ಪಿಕೊಳ್ಳಬೇಕು. ಖಜಾನೆಯ ಮೇಲೆ ಒತ್ತಡವೂ ಇತ್ತು. ಅದೇ ಫೆಬ್ರವರಿಯಲ್ಲಿ ರೋಲ್ಸ್ ರಾಯ್ಸ್ ದಿವಾಳಿಯಾಗಿ ಸರ್ಕಾರವೇ ಅದನ್ನು ವಹಿಸಿಕೊಂಡಿತ್ತು. ಇಷ್ಟಾದರೂ ಬ್ಲ್ಯಾಕ್ ಆರೋವಿನ ಖರ್ಚು ಒಟ್ಟು ಸುಮಾರು 90 ಲಕ್ಷ ಪೌಂಡು. ಆಗಲೇ ಕಾನ್ಕಾರ್ಡ್ ವಿಮಾನಕ್ಕೆ ಸುರಿಯುತ್ತಿದ್ದ ಕೋಟಿಗಳ ಮುಂದೆ ಅದು ತೀರಾ ಸಣ್ಣ ಮೊತ್ತ.

ನನ್ನ ದೃಷ್ಟಿಯಲ್ಲಿ ತಪ್ಪಿದ್ದು ಹಣದ ಕಡೆಯಲ್ಲಲ್ಲ, ಬೇಡಿಕೆಯ ಕಡೆಯಲ್ಲಿ. ರಾಕೆಟ್ ಬದುಕುವುದು ಆರ್ಡರಿನ ಮೇಲೆ. ಕಾರ್ಖಾನೆ, ಪರೀಕ್ಷಾ ಕಟ್ಟೆ, ನುರಿತ ತಂಡ, ದೂರದ ಉಡಾವಣಾ ನೆಲೆ, ಇವುಗಳ ಖರ್ಚು ವರ್ಷಕ್ಕೆ ಒಂದು ಹಾರಿಸಿದರೂ ಅಷ್ಟೇ, ಐದು ಹಾರಿಸಿದರೂ ಬಹುತೇಕ ಅಷ್ಟೇ. ಬ್ಲ್ಯಾಕ್ ಆರೋವಿಗೆ ಇದ್ದ ಗಿರಾಕಿ ಒಬ್ಬರೇ, ಬ್ರಿಟಿಷ್ ಸರ್ಕಾರ. ಆ ಗಿರಾಕಿ ವರ್ಷಕ್ಕೊಂದು ಉಪಗ್ರಹವನ್ನೂ ನೆಟ್ಟಗೆ ಕೊಡಲಿಲ್ಲ. ಹೀಗಿರುವಾಗ ಒಂದೊಂದು ಹಾರಾಟದ ಬೆಲೆ ಏರದೆ ಇನ್ನೇನಾದೀತು? ಏರಿದ ಬೆಲೆಯನ್ನೇ ತೋರಿಸಿ ರದ್ದು ಮಾಡಿದರು.

ಇದನ್ನು ಒಂದು ಪಕ್ಷದ ತಲೆಗೆ ಕಟ್ಟುವುದು ನ್ಯಾಯವಲ್ಲ. 1960ರಲ್ಲಿ ಬ್ಲೂ ಸ್ಟ್ರೀಕ್ ಕ್ಷಿಪಣಿಯನ್ನು ಕೈಬಿಟ್ಟದ್ದು ಕನ್ಸರ್ವೇಟಿವ್ ಸರ್ಕಾರ. ಅದೇ ಕ್ಷಿಪಣಿಯನ್ನು ಬುಡವಾಗಿಟ್ಟು ಯುರೋಪ್ ಕಟ್ಟುತ್ತಿದ್ದ ರಾಕೆಟ್ಟಿನಿಂದ ಹಿಂದೆ ಸರಿಯುವುದಾಗಿ 1968ರಲ್ಲಿ ಹೇಳಿದ್ದು ಲೇಬರ್ ಸರ್ಕಾರ. ಎಂಬತ್ತರ ದಶಕದಲ್ಲಿ, ಥ್ಯಾಚರ್ ಕಾಲದಲ್ಲಿ, ರನ್‌ವೇಯಿಂದಲೇ ಏರಿ ಕಕ್ಷೆಗೆ ಹೋಗಬೇಕಿದ್ದ ಹೋಟಾಲ್ ವಿಮಾನಕ್ಕೂ ಹಣ ನಿಂತಿತು. ಅದರ ವಿನ್ಯಾಸದಲ್ಲಿ ನಿಜವಾದ ತೊಡಕಿತ್ತು. ಭಾರದ ಎಂಜಿನ್ ಬಾಲದ ಕಡೆ ಇದ್ದುದರಿಂದ ಸಮತೋಲಕ್ಕಾಗಿ ರೆಕ್ಕೆ, ಮೈಕಟ್ಟು ಬದಲಿಸುತ್ತಾ ಹೋದ ಹಾಗೆ ಹೊರಬಹುದಾದ ಸರಕಿನ ತೂಕ ಕರಗುತ್ತಾ ಬಂತು. ಆ ಎಂಜಿನ್ನಿನ ಕನಸನ್ನು ಹೊತ್ತು 1989ರಲ್ಲಿ ಹುಟ್ಟಿದ ರಿಯಾಕ್ಷನ್ ಎಂಜಿನ್ಸ್ ಕಂಪನಿ ಸಾವಿರ ಡಿಗ್ರಿಯ ಗಾಳಿಯನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ತಣಿಸುವ ಯಂತ್ರ ಮಾಡಿ ತೋರಿಸಿತು. 2024ರ ಅಕ್ಟೋಬರ್ ಕೊನೆಯಲ್ಲಿ ಹಣವಿಲ್ಲದೆ ಅದೂ ಬಾಗಿಲು ಹಾಕಿತು.

ಬ್ರಿಟನ್ ಕೈಬಿಟ್ಟ ದಾರಿಯನ್ನು ಬಿಡದೆ ಹಿಡಿದವರು ಯಾರು ಎಂದು ಕೇಳಿದರೆ, ಉತ್ತರ ನಮ್ಮ ಕಡೆಗೇ ಬರುತ್ತದೆ. ಸ್ವಂತ ರಾಕೆಟ್ಟಿನಲ್ಲಿ ಉಪಗ್ರಹ ಹಾರಿಸಿದ ಆರನೇ ದೇಶ ಬ್ರಿಟನ್, ಏಳನೆಯದು ಭಾರತ. ನಮ್ಮ ಎಸ್‌ಎಲ್‌ವಿ-3 ತೂಕದಲ್ಲಿ ಹೆಚ್ಚುಕಡಿಮೆ ಬ್ಲ್ಯಾಕ್ ಆರೋವಿನಷ್ಟೇ, 17 ಟನ್. 1979ರ ಆಗಸ್ಟಿನಲ್ಲಿ ಸೋತಿತು, 1980ರ ಜುಲೈ 18ರಂದು 35 ಕಿಲೋದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಆಗ ಭಾರತಕ್ಕೇನು ಹಣದ ಹೊಳೆ ಹರಿಯುತ್ತಿರಲಿಲ್ಲ. ಆದರೆ ಮುಂದಿನ ಉಪಗ್ರಹ ಯಾವುದು, ಅದಕ್ಕೆ ಮುಂದಿನ ರಾಕೆಟ್ ಎಷ್ಟು ದೊಡ್ಡದು ಎಂಬ ಯೋಚನೆ ಮೊದಲೇ ಇತ್ತು. ಎಎಸ್‌ಎಲ್‌ವಿ ಎಂಬ ಮುಂದಿನ ರಾಕೆಟ್ಟಿನ ಸೋಲುಗಳನ್ನು ದಾಟಿ ಪಿಎಸ್‌ಎಲ್‌ವಿವರೆಗೆ ಬಂದದ್ದು ಹಾಗೆ. ಉಪಗ್ರಹ ಕಟ್ಟುವುದರಲ್ಲಿ ಬ್ರಿಟನ್ ಇಂದಿಗೂ ಮುಂದಿದೆ, ಇಂಗ್ಲೆಂಡಿನ ಸರ್ರೆಯಲ್ಲಿ ಕಟ್ಟುವ ಸಣ್ಣ ಉಪಗ್ರಹಗಳಿಗೆ ಜಗತ್ತಿನಲ್ಲೇ ಹೆಸರಿದೆ. ಅಂಥ ಮೂರು, ಒಂದೊಂದೂ 447 ಕಿಲೋ ತೂಕದವು, 2015ರ ಜುಲೈ 10ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿಯಲ್ಲೇ ಹೋದವು.

ಅಗ್ಗದ ಟಿಕೆಟ್ಟಿನ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದು 2022ರಲ್ಲಿ ಚೆನ್ನಾಗಿ ಕಂಡಿತು. ಬ್ರಿಟಿಷ್ ಸರ್ಕಾರಕ್ಕೂ ಭಾರತದ ಭಾರ್ತಿ ಸಮೂಹಕ್ಕೂ ಪಾಲಿದ್ದ ಒನ್‌ವೆಬ್ ಕಂಪನಿಯ ಉಪಗ್ರಹಗಳು ರಷ್ಯಾದ ರಾಕೆಟ್ಟಿನಲ್ಲಿ ಹೋಗುತ್ತಿದ್ದವು. ಉಕ್ರೇನ್ ಯುದ್ಧ ಶುರುವಾದದ್ದೇ, ಬ್ರಿಟಿಷ್ ಸರ್ಕಾರ ತನ್ನ ಪಾಲು ಬಿಡಬೇಕೆಂದು ರಷ್ಯಾ ಷರತ್ತು ಹಾಕಿತು. ಬೈಕನೂರಿನಲ್ಲಿ ಸಿದ್ಧವಾಗಿ ನಿಂತಿದ್ದ 36 ಉಪಗ್ರಹಗಳು ಹಾರಲೇ ಇಲ್ಲ. ಆಗ ಕೈಹಿಡಿದವರಲ್ಲಿ ಬೆಂಗಳೂರಿನ ನ್ಯೂಸ್ಪೇಸ್ ಇಂಡಿಯಾ ಸಂಸ್ಥೆಯೂ ಒಂದು. 2022ರ ಅಕ್ಟೋಬರ್ 23 ಮತ್ತು 2023ರ ಮಾರ್ಚ್ 26ರಂದು ಎಲ್‌ವಿಎಂ-3 ರಾಕೆಟ್ ಎರಡು ಕಂತುಗಳಲ್ಲಿ 72 ಉಪಗ್ರಹಗಳನ್ನು ಕಕ್ಷೆಗೆ ಮುಟ್ಟಿಸಿತು.

ಬ್ರಿಟನ್ ಈಗ ಮತ್ತೆ ರಾಕೆಟ್ ಹಾರಿಸಲು, ಈ ಸಲ ತನ್ನ ನೆಲದಿಂದಲೇ, ಹೊರಟಿದೆ. 2023ರ ಜನವರಿ 9ರಂದು ಕಾರ್ನ್‌ವಾಲಿನಿಂದ ಏರಿದ ಜಂಬೋ ವಿಮಾನದ ರೆಕ್ಕೆಯ ಕೆಳಗಿಂದ ಬಿಟ್ಟ ರಾಕೆಟ್ ಒಂಬತ್ತು ಉಪಗ್ರಹಗಳನ್ನು ಕಳೆದುಕೊಂಡಿತು. ಎರಡನೇ ಹಂತದ ಇಂಧನದ ಕೊಳವೆಯಲ್ಲಿ ಒಂದು ಫಿಲ್ಟರ್ ಜಾಗ ಬಿಟ್ಟು ಕದಲಿತ್ತು, ಪಂಪಿಗೆ ಇಂಧನ ಸಾಲದೆ ಎಂಜಿನ್ ಕಾದುಹೋಯಿತು. ಕೆಲವೇ ತಿಂಗಳಲ್ಲಿ ಅದನ್ನು ಹಾರಿಸಿದ ಕಂಪನಿಯೂ ದಿವಾಳಿಯಾಯಿತು. ಫಿಲ್ಟರನ್ನು ಸರಿಪಡಿಸಬಹುದಿತ್ತು, ಇನ್ನೊಂದು ಹಾರಾಟಕ್ಕೆ ಕಾಯುವ ಗಿರಾಕಿ ಮತ್ತು ಹಣ ಇರಲಿಲ್ಲ. ಉತ್ತರದ ಶೆಟ್‌ಲ್ಯಾಂಡ್ ದ್ವೀಪದ ಸ್ಯಾಕ್ಸವೋರ್ಡ್ ನೆಲೆಗೆ 2023ರ ಡಿಸೆಂಬರಿನಲ್ಲಿ ಪರವಾನಗಿ ಸಿಕ್ಕಿದೆ. ಅಲ್ಲಿ ಮೊದಲ ಹಾರಾಟ ಗೆದ್ದರೆ ಪತ್ರಿಕೆಗಳು ಸಂಭ್ರಮಿಸುತ್ತವೆ, ಸಂಭ್ರಮಿಸಲಿ. ಲಂಡನ್ನಿನ ಸರ್ಕಾರ ತನ್ನ ಹವಾಮಾನ, ರಕ್ಷಣೆ ಮತ್ತು ವಿಜ್ಞಾನದ ಉಪಗ್ರಹಗಳಿಗೆ ಐದಾರು ಹಾರಾಟಗಳನ್ನು ಮುಂಗಡವಾಗಿಯೇ, ಸೋಲಿನ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದು, ಕಾಯ್ದಿರಿಸುತ್ತದೆಯೇ ಎಂಬುದನ್ನು ಮಾತ್ರ ನಾವು ಆಗ ಗಮನಿಸಬೇಕು.

ನಮಸ್ಕಾರ.