ಎರಡನೆಯ ವರ್ಷದ ನಂತರದ ಊಟ

ಸಭಿಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬನ್ನು ಕೊಯ್ದು ತೆಗೆಯುತ್ತಾರೆಂದು ಈಗಲೂ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಕತ್ತರಿ ಬೀಳುವುದು ಜಠರಕ್ಕೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲನ್ನು ತೆಗೆದು ಉಳಿದದ್ದನ್ನು ಕೊಳವೆಯಾಗಿ ಹೊಲಿಯುತ್ತಾರೆ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮೇಲ್ತುದಿಯಿಂದ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲವನ್ನು ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ಜಠರದ ಮೇಲ್ಭಾಗದಲ್ಲೇ ಹುಟ್ಟುವುದರಿಂದ, ಸ್ಲೀವ್ ಆದವರಲ್ಲಿ ಹಲವರಿಗೆ ಮೊದಲ ತಿಂಗಳುಗಳಲ್ಲಿ ಹಸಿವೆಂಬುದರ ನೆನಪೇ ಆಗುವುದಿಲ್ಲ. ಆಗ ತೂಕ ತಾನಾಗಿ ಇಳಿಯುತ್ತದೆ. ನಾನು ಹೇಳಬೇಕೆಂದಿರುವುದು ಆಮೇಲಿನ ವರ್ಷಗಳ ವಿಚಾರ.

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಾವಧಿಯ ಅಧ್ಯಯನದಲ್ಲಿ, ಬೈಪಾಸ್ ಆದವರ ತೂಕ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ಇಳಿದು, ಬಳಿಕ ನಿಧಾನವಾಗಿ ಏರಿ, ಹತ್ತನೆಯ ವರ್ಷಕ್ಕೆ ಶೇಕಡಾ 25ರ ಇಳಿಕೆಯಲ್ಲಿ ನಿಂತಿತು. ಸ್ವಲ್ಪ ತೂಕ ಮರಳಿದೊಡನೆ ಆಪರೇಷನ್ ವ್ಯರ್ಥವಾಯಿತೆಂದು ಕುಗ್ಗುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು.

ಪುಟ್ಟದಾದ ಜಠರ ಗಟ್ಟಿ ಆಹಾರವನ್ನು ತಡೆಯುತ್ತದೆ, ದ್ರವವನ್ನು ತಡೆಯುವುದಿಲ್ಲ. ಹುರಿದ ಬಂಗಡೆಯ ಅರ್ಧ ತುಂಡು ಅಗಿದು ನುಂಗಿದರೆ ಹೊಟ್ಟೆ ತುಂಬಿತೆನಿಸುತ್ತದೆ. ಗಂಜಿ, ಪಾಯಸ, ಸಿಹಿ ಚಹಾ ಜಾರಿ ಹೋಗುತ್ತವೆ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಆಲೆಮನೆ ಕಾಲದಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿದರೆ ಸುಮಾರು 25 ಗ್ರಾಂ ಸಕ್ಕರೆ ಒಳಗೆ ಹೋದಂತೆ, ಅಲ್ಲಿ ಒಂದೇ ಲೋಟಕ್ಕೆ ಬಿಡುವವರಾದರೂ ಯಾರು? ಬೈಪಾಸ್ ಆದವರಲ್ಲಿ ಅನೇಕರಿಗೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ ಬರಬಹುದು. ಡಂಪಿಂಗ್ ಎನ್ನುವ ಈ ತೊಂದರೆ ಸಿಹಿಗೆ ಕಡಿವಾಣವೂ ಆಗುತ್ತದೆ. ಸ್ಲೀವ್ ಆದವರಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಆದ್ದರಿಂದ ಅವರೇ ಹೆಚ್ಚು ಎಚ್ಚರದಿಂದಿರಬೇಕೆಂದು ನನ್ನ ಅಭಿಪ್ರಾಯ. ದಿನವಿಡೀ ಚಕ್ಕುಲಿ, ಅವಲಕ್ಕಿ ಎಂದು ಬಾಯಾಡಿಸುವ ಚಾಳಿಯೂ ಇದೇ ದಾರಿಯಲ್ಲಿ ತೂಕವನ್ನು ಮರಳಿಸುತ್ತದೆ.

ಊಟಕ್ಕೆ ಕುಳಿತಾಗ ಮೊದಲು ಪ್ರೋಟೀನು, ಆಮೇಲೆ ಪಲ್ಯ, ಕೊನೆಗೆ ಜಾಗವಿದ್ದರೆ ಅನ್ನ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕು. ಕಾರವಾರದ ಕಡೆಯವರಿಗೆ ಮೀನಿನಿಂದ ಇದು ಸುಲಭ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಾಗ ಮೊಟ್ಟೆ, ಬೇಳೆಗಳತ್ತ ತಿರುಗಬೇಕಾದೀತು. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ತಂಬುಳಿ, ಅಪ್ಪೆಹುಳಿಗಳು ರುಚಿಯಾದರೂ ಪ್ರೋಟೀನಿನ ಲೆಕ್ಕಕ್ಕೆ ಬರುವುದಿಲ್ಲ. ಪನೀರು, ಗಟ್ಟಿ ಮೊಸರು, ಮೊಳಕೆ ಹೆಸರು, ಕಡಲೆಗಳನ್ನು ಬೇಕೆಂದೇ ಸೇರಿಸಿಕೊಳ್ಳಬೇಕು. ನೀರನ್ನು ಊಟದ ಜೊತೆ ಕುಡಿಯದೆ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಇಷ್ಟೆಲ್ಲ ಕಲಿತವರೂ ಮದುವೆ ಮನೆಯ ಪಂಕ್ತಿಯಲ್ಲಿ ಸೋಲುತ್ತಾರೆ. “ಇನ್ನೊಂದು ಹೋಳಿಗೆ ಹಾಕ್ಕೊಳ್ಳಿ” ಎಂಬ ಒತ್ತಾಯಕ್ಕೆ ಮಣಿದು ತಿಂದು, ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡವರಿದ್ದಾರೆ; ಬಡಿಸುವವರು ಇದನ್ನು ತಿಳಿದರೆ ಒಳ್ಳೆಯದು. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಥಯಾಮಿನ್ ಎಂಬ ಬಿ1 ವಿಟಮಿನ್ನಿನ ಕೊರತೆಯಾಗಿ ನರಗಳಿಗೆ ಪೆಟ್ಟು ಬೀಳುವುದರಿಂದ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಿಟಮಿನ್ ಗುಳಿಗೆಗಳು ಜೀವನಪರ್ಯಂತ ಬೇಕು. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹವಿರುವುದರಿಂದ, ಗುಳಿಗೆ ಬಿಟ್ಟವರಿಗೆ ಕೆಲಕಾಲ ಏನೂ ಆಗುವುದಿಲ್ಲ; ಕೈಕಾಲು ಜೋಮು ಹಿಡಿಯತೊಡಗಿದಾಗ ಕಾರಣವೇ ಹೊಳೆಯುವುದಿಲ್ಲ. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಎರಡು ಗಂಟೆಯ ಅಂತರವಿರಲಿ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಆಪರೇಷನ್ ಮಾಡಿಸಿದವರು ದೂರವಾಯಿತೆಂದು ತಪಾಸಣೆ ಬಿಡುವುದುಂಟು. ವರ್ಷಕ್ಕೊಮ್ಮೆಯ ರಕ್ತಪರೀಕ್ಷೆಗೆ ಅಷ್ಟು ದೂರ ಹೋಗಬೇಕಿಲ್ಲ, ಇಲ್ಲೇ ಮಾಡಿಸಿ ವರದಿಯನ್ನು ಕಳುಹಿಸಬಹುದು.

ಇಷ್ಟಾಗಿಯೂ ತೂಕ ಏರುತ್ತಲೇ ಇದ್ದರೆ, ಮೊದಲು ಕೆಲವು ದಿನ ತಿಂದದ್ದು, ಕುಡಿದದ್ದು ಎಲ್ಲವನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಮದ್ಯವಿದ್ದರೆ ಅದನ್ನೂ ಮುಚ್ಚಿಡಬಾರದು, ಏಕೆಂದರೆ ಬೈಪಾಸಿನ ನಂತರ ಅದು ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಅಗತ್ಯವಿದ್ದರೆ ಎಂಡೋಸ್ಕೋಪಿಯಿಂದ ಚೀಲ ಹಿಗ್ಗಿದೆಯೇ ಎಂದು ನೋಡುತ್ತಾರೆ. ತೂಕ ಇಳಿಸುವ ಔಷಧಿ, ಮರುಶಸ್ತ್ರಚಿಕಿತ್ಸೆಗಳ ಮಾತು ಬರುವುದು ಅದಾದ ಮೇಲೆ.